ಸೈಲೇಜ್‌ಗೆ ಯಾವ ಮುಸುಕಿನ ಜೋಳ ಹಾಕೋದು? ಆಫ್ರಿಕನ್ ಟಾಲ್ ಸಾಕಾ, ಹೈಬ್ರಿಡ್ ಬೇಕಾ?

ಮಾಲೂರು ಹೈನು:

ಎಲ್ಲರಿಗೂ ನಮಸ್ಕಾರ. ಕೆಂಪು ಮಣ್ಣಿನ ಒಂದೂವರೆ ಎಕರೆ ಜಮೀನು, ಬೋರ್‌ವೆಲ್, ಡ್ರಿಪ್ ಇದೆ. ಕರಾವಿನಲ್ಲಿ ಆರು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸುಗಳು, ಒಂದೊಂದೂ ದಿನಕ್ಕೆ ಸರಾಸರಿ 14 ಲೀಟರ್. ಫೆಬ್ರವರಿಯಿಂದ ಮೇ ತನಕ ಹಸಿಮೇವು ಸಾಲುವುದಿಲ್ಲ. ಆ ನಾಲ್ಕು ತಿಂಗಳಿಗೆ ಸೈಲೇಜ್ (ಕತ್ತರಿಸಿ, ಗಾಳಿಯಾಡದಂತೆ ಒತ್ತಿ ಹುದುಗಿಸಿದ ಮೇವು) ಮಾಡಿಡಬೇಕು. ಜುಲೈನಲ್ಲಿ ಬಿತ್ತುವ ಯೋಚನೆ.

ಡೇರಿಯಲ್ಲಿ ಆಫ್ರಿಕನ್ ಟಾಲ್ ಬೀಜ ಸಿಗುತ್ತದೆ. ಬೀಜದಂಗಡಿಯವರು ಕಾಳಿನ ಹೈಬ್ರಿಡ್ ಹಾಕಿ ಅನ್ನುತ್ತಾರೆ, ಬೆಲೆ ನಾಲ್ಕೈದು ಪಟ್ಟು ಜಾಸ್ತಿ. ಆಫ್ರಿಕನ್ ಟಾಲ್ ಹತ್ತಡಿ ಎತ್ತರ ಬೆಳೆಯುತ್ತೆ, ತೂಕ ಚೆನ್ನಾಗಿ ಬರುತ್ತೆ. ಹಾಗಿದ್ದ ಮೇಲೆ ಹೈಬ್ರಿಡ್‌ಗೆ ಅಷ್ಟು ದುಡ್ಡು ಯಾಕೆ? ಎಷ್ಟು ಬೀಜ, ಯಾವ ಅಂತರ, ಯಾವಾಗ ಕಟಾವು ಅನ್ನೋದನ್ನೂ ತಿಳಿಸಿ. ಮೇವು ಕತ್ತರಿಸೋಕೆ 3 ಎಚ್‌ಪಿ ಚಾಪ್ ಕಟರ್ ಮಾತ್ರ ಇದೆ.

ಮೇವು ಮಂಡ್ಯ:

ಅಣ್ಣಾ, ಹಸಿ ತೂಕ ನೋಡಿ ತಳಿ ಆರಿಸಬೇಡಿ. ಸೈಲೇಜ್‌ನಲ್ಲಿ ಹಸುವಿಗೆ ಸಿಗೋದು ಒಣಪದಾರ್ಥ, ಅದರಲ್ಲೂ ತೆನೆಯ ಪಿಷ್ಟ. ಉಳಿದದ್ದು ನೀರು.

ಲೆಕ್ಕ ಹಾಕಿ ನೋಡಿ. ದಟ್ಟವಾಗಿ ಎರಚಿದ ಆಫ್ರಿಕನ್ ಟಾಲ್ ಅನ್ನು ಸೂಲಂಗಿ (ತುದಿಯ ಗಂಡು ಹೂ) ಬಂದ ಹೊತ್ತಿಗೆ ಕೊಯ್ದರೆ ಎಕರೆಗೆ 20 ಟನ್ ಬಂತು ಅಂದುಕೊಳ್ಳಿ. ಆಗ ಅದರಲ್ಲಿ ಒಣಪದಾರ್ಥ ಶೇ 20–22. ಅಂದರೆ ಸುಮಾರು 4.4 ಟನ್. ಒಳ್ಳೆ ಹೈಬ್ರಿಡ್ 16 ಟನ್ ಮಾತ್ರ ಬಂದರೂ ಸರಿಯಾದ ಹಂತದಲ್ಲಿ ಕೊಯ್ದರೆ ಶೇ 33, ಅಂದರೆ 5.3 ಟನ್. ಹೈಬ್ರಿಡ್‌ನ ಆ 5.3 ಟನ್‌ನಲ್ಲಿ ಹತ್ತಿರ ಹತ್ತಿರ ಅರ್ಧ ತೆನೆಯೇ ಇರುತ್ತದೆ. ದಟ್ಟ ಆಫ್ರಿಕನ್ ಟಾಲ್‌ನಲ್ಲಿ ಗಿಡ ಕಡ್ಡಿ ಕಡ್ಡಿಯಾಗಿ ತೆನೆಯೇ ಕಟ್ಟಿರೋದಿಲ್ಲ. ಅದರ ಮೇಲೆ ಶೇ 28ಕ್ಕಿಂತ ಕಡಿಮೆ ಒಣಪದಾರ್ಥ ಇರುವ ಮೇವನ್ನು ಒತ್ತಿ ತುಂಬಿದರೆ ಅಡಿಯಿಂದ ರಸ ಹರಿಯುತ್ತದೆ. ಆ ರಸದಲ್ಲಿ ಹೋಗೋದು ಸಕ್ಕರೆ, ಪ್ರೋಟೀನ್, ಲವಣ. ತೇವ ಜಾಸ್ತಿ ಇದ್ದಲ್ಲಿ ಬ್ಯುಟಿರಿಕ್ ಆಮ್ಲ ಮಾಡುವ ಬ್ಯಾಕ್ಟೀರಿಯಾ ಗೆಲ್ಲುತ್ತವೆ, ವಾಂತಿಯಂಥ ವಾಸನೆ ಬರುತ್ತದೆ, ಹಸು ಮೂತಿ ತಿರುಗಿಸುತ್ತದೆ.

ಹೈಬ್ರಿಡ್ ಆರಿಸುವಾಗ ಅಂಗಡಿಯವರ ಹತ್ತಿರ ಇಳುವರಿ ಕೇಳಬೇಡಿ. ಕೇಳಬೇಕಾದ್ದು ಇಷ್ಟು. ಎಷ್ಟನೇ ದಿನಕ್ಕೆ ತೆನೆಯ ತುದಿಯಲ್ಲಿ ಕೂದಲು ಬರುತ್ತದೆ? ತೆನೆ ಮಾಗುವಾಗ ಎಲೆ ಹಸಿರಾಗಿ ನಿಲ್ಲುತ್ತದೋ, ಕೆಳಗಿನಿಂದ ಒಣಗುತ್ತಾ ಬರುತ್ತದೋ? ತೆನೆ ಎಷ್ಟು ಎತ್ತರದಲ್ಲಿ ಕೂರುತ್ತದೆ? ಕೇದಿಗೆ ರೋಗ (ಎಲೆ ಬಿಳಿಚಿಸುವ ಬೂಜು ರೋಗ), ಎಲೆ ಅಂಗಮಾರಿ ತಡೆಯುತ್ತದಾ?

ಎಲೆ ಹಸಿರಾಗಿ ನಿಲ್ಲುವ ಗುಣ ನಿಮಗೆ ಎಲ್ಲಕ್ಕಿಂತ ಮುಖ್ಯ. ಕಾಳು ಹಣ್ಣಾಗುವಾಗ ಗಿಡ ಹಸಿರಿದ್ದರೆ ಕಟಾವಿಗೆ ಹತ್ತು ಹನ್ನೆರಡು ದಿನದ ಅವಕಾಶ ಸಿಗುತ್ತದೆ. ಬೇಗ ಒಣಗುವ ತಳಿಯಲ್ಲಿ ಐದಾರು ದಿನಕ್ಕೆ ಅವಕಾಶ ಮುಗಿಯುತ್ತದೆ. ಆಳು ಸಿಗಲಿಲ್ಲ, ಕರೆಂಟ್ ಇರಲಿಲ್ಲ, ಮಳೆ ಬಂತು ಅಂದರೆ ಕಥೆ ಮುಗಿದ ಹಾಗೆ. ಖಾಸಗಿ ಹೈಬ್ರಿಡ್‌ಗಳಲ್ಲಿ ಎನ್‌ಕೆ 6240 ಈ ಗುಣಕ್ಕೆ ಹೆಸರಾದದ್ದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಿಂದ ಬಂದ ಹೇಮಾ (ಎನ್‌ಎಎಚ್ 1137), ಎಂಎಎಚ್ 14-5 ಇವನ್ನೂ ವಿಚಾರಿಸಿ. ನಮ್ಮ ದಕ್ಷಿಣದ ಕಡೆಯ ರೋಗಗಳ ನಡುವೆಯೇ ಪರೀಕ್ಷಿಸಿ ಆರಿಸಿದ ತಳಿಗಳು ಅವು. ಯಾವುದೇ ಆಗಲಿ, ಮೊದಲ ವರ್ಷ ಎರಡು ತಳಿಯನ್ನು ಅರ್ಧರ್ಧ ಹಾಕಿ ಪಕ್ಕಪಕ್ಕದಲ್ಲಿ ನೋಡಿ.

ಅಂತರ: ಕಾಳಿಗೆ 60×20 ಸೆಂ.ಮೀ. ಹಾಕುತ್ತೇವೆ, ಎಕರೆಗೆ ಸುಮಾರು 33,000 ಗಿಡ. ಸೈಲೇಜ್‌ಗೆ 60×17, ಅಂದರೆ 40,000 ಗಿಡದ ತನಕ ಹೋಗಬಹುದು. ಅದಕ್ಕಿಂತ ದಟ್ಟ ಆದರೆ ಬರಡು ಗಿಡ ಹೆಚ್ಚುತ್ತದೆ, ಗಾಳಿಗೆ ಮಲಗುತ್ತದೆ. ನಿಮ್ಮ ಡ್ರಿಪ್ ಲ್ಯಾಟರಲ್ (ಸಾಲಿನ ಕೊಳವೆ) 4 ಅಡಿಗೆ ಒಂದಿದ್ದರೆ ಜೋಡಿ ಸಾಲು ಮಾಡಿ: ಲ್ಯಾಟರಲ್ಲಿನ ಎರಡೂ ಬದಿಗೆ ಸಾಲು, ಜೋಡಿಯೊಳಗೆ 45 ಸೆಂ.ಮೀ., ಜೋಡಿಗಳ ನಡುವೆ 75. ಸರಾಸರಿ ಅದೇ 60 ಆಗುತ್ತದೆ, ಕಳೆ ತೆಗೆಯೋಕೂ ಜಾಗ ಸಿಗುತ್ತದೆ. ಬೀಜ ಎಕರೆಗೆ 12–13 ಕೆಜಿ ಬೇಕಾಗುತ್ತದೆ, ಕಾಳಿನ ಗಾತ್ರದ ಮೇಲೆ ಹೋಗುತ್ತದೆ. ಮಿಕ್ಕ ಬೀಜಕ್ಕೆ ಔಷಧ ಬಳಿದಿರುತ್ತದೆ, ಕೋಳಿಗೂ ದನಕ್ಕೂ ಹಾಕಬೇಡಿ.

ಇನ್ನೊಂದು ವಿಷಯ. ಜುಲೈ ಬೇಡ. ಜುಲೈನಲ್ಲಿ ಬಿತ್ತಿದ್ದು ಅಕ್ಟೋಬರ್ ಮೊದಲಲ್ಲಿ ಕಟಾವಿಗೆ ಬರುತ್ತದೆ. ಕೋಲಾರ ಸೀಮೆಯಲ್ಲಿ ಮಳೆ ಜೋರಾಗಿ ಸುರಿಯೋದೇ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ಮಳೆಯಲ್ಲಿ ಕೊಯ್ದು ತುಂಬಿದ್ದು ಸೈಲೇಜ್ ಆಗೋದಿಲ್ಲ, ಕೊಳೆಯುತ್ತದೆ. ನೀರಿದೆಯಲ್ಲ, ಆಗಸ್ಟ್ ಕೊನೆಗೆ ಬಿತ್ತಿ. ಚಳಿಗೆ ಒಂದಿಷ್ಟು ನಿಧಾನ ಆಗುತ್ತದೆ, 95–105 ದಿನಕ್ಕೆ, ಡಿಸೆಂಬರ್ ಮೊದಲಲ್ಲಿ ಕಟಾವು. ಆಗಲೂ ಚಂಡಮಾರುತದ ಮಳೆ ಬರಬಹುದು, ಹವಾಮಾನ ವರದಿ ನೋಡಿಕೊಂಡು ದಿನ ಗೊತ್ತು ಮಾಡಿ. ಆದರೆ ತಡವಾಗಿ ಬಿತ್ತಿದ್ದಕ್ಕೆ ಕೇದಿಗೆ ರೋಗ ಜಾಸ್ತಿ. ಅದಕ್ಕೇ ರೋಗ ತಡೆಯುವ ತಳಿ, ಮೆಟಲಾಕ್ಸಿಲ್ ಎಂಬ ಶಿಲೀಂಧ್ರನಾಶಕದ ಉಪಚಾರ ಮಾಡಿದ ಬೀಜ ಎರಡೂ ಕೇಳಿ ತಗೊಳ್ಳಿ.

ರಾಣೆಬೆನ್ನೂರು ಗೋವಿನಜೋಳ:

ಮಂಡ್ಯದ ಅಣ್ಣಾರು ಹೇಳಿದ್ದರಾಗ ಹೆಚ್ಚಿನದು ಖರೆ. ಆದ್ರ ಆಫ್ರಿಕನ್ ಟಾಲ್‌ಗೆ ಅನ್ಯಾಯ ಆಗಬಾರದು. ಅದು ಕೆಟ್ಟದ್ದಲ್ಲ, ಬಿತ್ತೋ ಪದ್ಧತಿ ಕೆಟ್ಟದ್ದು. ಎಕರೆಕ್ಕ 20–25 ಕೆಜಿ ಎರಚಿ 60 ದಿನಕ್ಕ ಕೊಯ್ದು ಹಸಿಮೇವಾಗಿ ಹಾಕೋದಕ್ಕ ಆ ಲೆಕ್ಕ ಸರಿ. ಅದನ್ನ 60×15ಕ್ಕ ಸಾಲಾಗಿ, ಎಕರೆಕ್ಕ 12–13 ಕೆಜಿ ಬಿತ್ತಿ, ಕಾಳು ಹಿಟ್ಟಾಗೋ ತನಕ ಬಿಟ್ಟರ ಅದೂ ತೆನಿ ಕಟ್ಟತದ. ತೆನಿ ಹೈಬ್ರಿಡ್‌ದಷ್ಟು ಬರಂಗಿಲ್ಲ, ಆದ್ರ ಸೈಲೇಜ್ ಆಗತದ. ಅದು ಹೈಬ್ರಿಡ್ ಅಲ್ಲ, ಸಂಕೀರ್ಣ ತಳಿ. ಹೊಲದ ನಡುವಿನ ಒಳ್ಳೆ ಗಿಡಗಳಿಂದ ಬೀಜ ಇಟ್ಟುಕೊಂಡು ಮುಂದಿನ ಸಲ ಬಿತ್ತಬಹುದು, ಸುತ್ತ ಬ್ಯಾರೆ ಗೋವಿನಜೋಳ ಹೂವಾಗಿರಬಾರದು ಅಷ್ಟ. ಹೈಬ್ರಿಡ್ ಕಾಳು ಮರಳಿ ಬಿತ್ತಿದರ ಒಂದು ಗಿಡ ಎತ್ತರ, ಒಂದು ಗಿಡ್ಡ, ಒಂದು ಮಾಗಿದ್ದು, ಒಂದು ಹಾಲುಗಾಳು. ಅದರಿಂದ ಒಂದ ಹಂತದ ಸೈಲೇಜ್ ಮಾಡಲಿಕ್ಕೆ ಆಗಂಗಿಲ್ಲ.

ಎತ್ತರದ ತಳಿಯ ನಿಜವಾದ ತೊಂದರೆ ಬೀಳೋದು. ತೆನಿ ಮ್ಯಾಲೆ ಕುಂತಿರತದ, ಹಸಿ ನೆಲದಾಗ ಗಾಳಿ ಬೀಸಿದರ ಬುಡದಿಂದ ಮಲಗತದ. ಮಲಗಿದ್ದನ್ನ ಕೊಯ್ದರ ಮಣ್ಣು ಸೈಲೇಜ್‌ನಾಗ ಹೋಗತದ. ಮಣ್ಣಿನ ಜೋಡಿ ಕೆಟ್ಟ ಬ್ಯಾಕ್ಟೀರಿಯಾನೂ ಹೋಗತಾವ. ಅದಕ್ಕ ನೆಟ್ಟಗಿರೋ ಬೆಳೀನೂ ನೆಲಕ್ಕ ಹಚ್ಚಿ ಕೊಯ್ಯಬ್ಯಾಡ್ರಿ, 15 ಸೆಂ.ಮೀ. ಬಿಡ್ರಿ.

ಸೈನಿಕ ಹುಳದ ಬಗ್ಗೆ ಯಾರೂ ಬರೆದಿಲ್ಲ. 2018ರಿಂದ ನಮ್ಮ ರಾಜ್ಯದಾಗ ಅದು ಬಿಟ್ಟು ಬೆಳಿ ಇಲ್ಲ. ಮೊಳಕಿ ಆದ ಹತ್ತನೇ ದಿನದಿಂದ ಸುಳಿ ನೋಡ್ರಿ. ಎಲಿ ಮ್ಯಾಲೆ ಪೊರೆ ಕೆರೆದಂಗ ಬಿಳಿ ಕಿಟಕಿ ಕಂಡರ ಹುಳು ಇನ್ನೂ ಸಣ್ಣದ, ಬೇವಿನೆಣ್ಣಿ ಔಷಧ (ಅಜಾಡಿರಾಕ್ಟಿನ್ 1500 ಪಿಪಿಎಂ) ಲೀಟರಿಗೆ 5 ಮಿ.ಲೀ. ಸುಳಿಗೆ ಬೀಳೋ ಹಂಗ ಹೊಡದರ ಸಾಕು. ಸುಳಿಯಾಗ ಕಟ್ಟಿಗಿ ಪುಡಿಯಂಗ ಹಿಕ್ಕೆ ತುಂಬಿದ್ದರ ಹುಳು ದೊಡ್ಡದಾಗೇತಿ ಅಂತ. ಆಗ ಸ್ಪೈನೆಟೊರಾಮ್ 11.7 ಎಸ್‌ಸಿ ಲೀಟರಿಗೆ 0.5 ಮಿ.ಲೀ., ಇಲ್ಲ ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್‌ಸಿ 0.4 ಮಿ.ಲೀ. ಸೂಲಂಗಿ ಬರೋದರೊಳಗ ಇದೆಲ್ಲಾ ಮುಗಿಸ್ರಿ. ಇದು ದನ ತಿನ್ನೋ ಬೆಳಿ, ಡಬ್ಬಿ ಮ್ಯಾಲೆ ಬರೆದ ಕಾಯುವ ದಿನ ಮುಗಿಯದ ಕೊಯ್ಯಬ್ಯಾಡ್ರಿ. ನಡುವ ಹುಳು ತಿಂದ ಗಿಡ ಕಿತ್ತು ಹಸಿಮೇವಂತ ಹಾಕೋದೂ ಬ್ಯಾಡ.

ಪಶು ಆಹಾರ, ಹಾಸನ:

ಕಟಾವಿನ ಹಂತದ ಬಗ್ಗೆ ಬಿಡಿಸಿ ಹೇಳುತ್ತೇನೆ. ತಳಿ ಎಷ್ಟೇ ಒಳ್ಳೆಯದಿದ್ದರೂ ಇಲ್ಲಿ ತಪ್ಪಿದರೆ ಹಾಕಿದ ದುಡ್ಡು ಹೋಯಿತು.

ಅರ್ಧಕ್ಕಿಂತ ಹೆಚ್ಚು ಗಿಡಗಳಲ್ಲಿ ಕೂದಲು ಕಂಡ ದಿನವನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಬೆಚ್ಚಗಿನ ಕಾಲದಲ್ಲಿ ಅಲ್ಲಿಂದ 30–35 ದಿನ, ಚಳಿಗಾಲದಲ್ಲಿ 40ರ ಹತ್ತಿರ. 25ನೇ ದಿನದಿಂದ ಮೂರು ದಿನಕ್ಕೊಮ್ಮೆ ಹೊಲದ ಬೇರೆ ಬೇರೆ ಕಡೆಯಿಂದ ಐದಾರು ತೆನೆ ಕಿತ್ತು ನೋಡಿ. ಅಂಚಿನ ಸಾಲು ಬೇಡ, ಅದು ಬೇಗ ಮಾಗುತ್ತದೆ. ತೆನೆಯನ್ನು ನಡುವೆ ಮುರಿಯಿರಿ. ಎರಡು ತುಂಡಿನಲ್ಲಿ ತುದಿಯ ಕಡೆಯ ತುಂಡನ್ನು ಹಿಡಿದು, ಮುರಿದ ಜಾಗದಲ್ಲಿ ಕಾಣುವ ಕಾಳುಗಳನ್ನು ನೋಡಿ. ಮೊಳಕೆ ಇರುವ ಮುಖ ತುದಿಯ ಕಡೆಗಿರುತ್ತದೆ, ಹಾಲಿನ ಗೆರೆ ಕಾಣೋದು ಅದರ ಬೆನ್ನಲ್ಲಿ. ಮೇಲೆ ಹಳದಿ ಗಟ್ಟಿ ಭಾಗ, ಕೆಳಗೆ ಬಿಳಿ ಹಾಲಿನ ಭಾಗ, ನಡುವೆ ಗೆರೆ. ಉಗುರು ಒತ್ತುತ್ತಾ ಬಂದರೆ ಗಟ್ಟಿ ಮುಗಿದು ಹಾಲು ಚಿಮ್ಮುವ ಜಾಗ ಬೆರಳಿಗೇ ಗೊತ್ತಾಗುತ್ತದೆ. ಗೆರೆ ತಲೆಯಿಂದ ಬುಡದ ಕಡೆಗೆ ಇಳಿಯುತ್ತಾ ಹೋಗುತ್ತದೆ.

ಪುಸ್ತಕಗಳು ಗೆರೆ ಅರ್ಧದಿಂದ ಮುಕ್ಕಾಲು ಇಳಿದಾಗ ಕೊಯ್ಯಿರಿ ಅನ್ನುತ್ತವೆ. ಅದು ಕಾಳನ್ನು ನುಚ್ಚು ಮಾಡುವ ರೋಲರ್ ಇರುವ ದೊಡ್ಡ ಹಾರ್ವೆಸ್ಟರ್‌ಗೆ ಸರಿ. ನಿಮ್ಮ ಹತ್ತಿರ ಇರೋದು ಚಾಪ್ ಕಟರ್, ಅದು ದಂಟು ಕತ್ತರಿಸುತ್ತದೆ, ಕಾಳು ಒಡೆಯೋದಿಲ್ಲ. ನಮ್ಮಲ್ಲಿ ಸಿಗುವ ಹೈಬ್ರಿಡ್‌ಗಳಲ್ಲಿ ಬಹಳಷ್ಟರ ಕಾಳು ಗಾಜಿನಂತೆ ಹೊಳೆಯುವ ಗಟ್ಟಿ ಜಾತಿ. ಕಾಳಿನ ತಲೆಯಲ್ಲಿ ಗುಳಿ ಬೀಳುವ ಮೆತ್ತನೆ ಜಾತಿ ಕಡಿಮೆ. ಗಟ್ಟಿ ಕಾಳು ಮುಕ್ಕಾಲು ಮಾಗಿದ ಮೇಲೆ ಇಡಿಯಾಗಿ ಹೊಟ್ಟೆಯೊಳಗೆ ಹೋಗಿ ಇಡಿಯಾಗಿ ಸಗಣಿಯಲ್ಲಿ ಬರುತ್ತದೆ. ಆದ್ದರಿಂದ ನೀವು ಗೆರೆ ಮೂರನೇ ಒಂದು ಭಾಗ ಇಳಿದಾಗ ಶುರು ಮಾಡಿ, ಅರ್ಧ ದಾಟುವುದರೊಳಗೆ ಮುಗಿಸಿ. ಒಣಪದಾರ್ಥ ಶೇ 30–33 ಇರುತ್ತದೆ. ಕತ್ತರಿಸುವ ಉದ್ದ 1ರಿಂದ 2 ಸೆಂ.ಮೀ., ಬ್ಲೇಡ್ ಹರಿತ ಇರಲಿ. ಮೊಂಡು ಬ್ಲೇಡ್ ರವದಿಯನ್ನು ಕತ್ತರಿಸದೆ ಸಿಗಿಯುತ್ತದೆ, ಉದ್ದುದ್ದ ಎಳೆ ಒತ್ತಿದರೂ ಕೂರೋದಿಲ್ಲ, ಗಾಳಿ ಉಳಿಯುತ್ತದೆ.

ತೇವ ನೋಡೋಕೆ ಕತ್ತರಿಸಿದ ಮೇವನ್ನು ಅಂಗೈಯಲ್ಲಿ ಅರ್ಧ ನಿಮಿಷ ಗಟ್ಟಿಯಾಗಿ ಹಿಂಡಿ ಬಿಡಿ. ಬೆರಳ ಸಂದಿಯಿಂದ ರಸ ತೊಟ್ಟಿಕ್ಕಿದರೆ ಇನ್ನೂ ಕಾಯಬೇಕು. ಉಂಡೆ ನಿಧಾನಕ್ಕೆ ಬಿಚ್ಚಿಕೊಂಡು ಅಂಗೈ ಒದ್ದೆ ಅಷ್ಟೇ ಆಗಿದ್ದರೆ ಸರಿಯಾದ ಹದ. ಕೂಡಲೇ ಉದುರಿದರೆ ತಡವಾಗಿದೆ, ಸಣ್ಣದಾಗಿ ಕತ್ತರಿಸಿ ಜೋರಾಗಿ ಒತ್ತಬೇಕು.

ತಿನ್ನಿಸುವ ಲೆಕ್ಕ: 14 ಲೀಟರ್ ಹಸುವಿಗೆ ದಿನಕ್ಕೆ 12–13 ಕೆಜಿ ಒಣಪದಾರ್ಥ ಬೇಕು. ಸೈಲೇಜ್ 18 ಕೆಜಿ ಹಾಕಿದರೆ ಅದರಲ್ಲಿ 6 ಕೆಜಿಯಷ್ಟು ಸಿಕ್ಕಿತು. ಉಳಿದದ್ದು ರಾಗಿಹುಲ್ಲು, ಪಶು ಆಹಾರ, ಸ್ವಲ್ಪ ದ್ವಿದಳ ಮೇವು. ಮುಸುಕಿನ ಜೋಳದ ಸೈಲೇಜ್‌ನಲ್ಲಿ ಪ್ರೋಟೀನ್ ಶೇ 7–8 ಮಾತ್ರ, ಕ್ಯಾಲ್ಸಿಯಂ ಕಡಿಮೆ. ಕುದುರೆ ಮಸಾಲೆ ಅಥವಾ ಅಲಸಂದೆ ನಾಲ್ಕೈದು ಕೆಜಿ, ಇಲ್ಲದಿದ್ದರೆ ಹಿಂಡಿ, ಜೊತೆಗೆ ಖನಿಜ ಮಿಶ್ರಣ 50 ಗ್ರಾಂ ತಪ್ಪಿಸಬೇಡಿ. ಎರಡು ಕೆಜಿಯಿಂದ ಶುರು ಮಾಡಿ ಹತ್ತು ದಿನದಲ್ಲಿ 18ಕ್ಕೆ ಏರಿಸಿ. ಬೂಷ್ಟು ಹಿಡಿದ ಭಾಗವನ್ನು ಚೂರೂ ಹಾಕಬಾರದು. ಬೂಷ್ಟಿನ ವಿಷ ಅಫ್ಲಾಟಾಕ್ಸಿನ್ ಹಾಲಿಗೆ ಇಳಿಯುತ್ತದೆ, ಹಾಲಿನಲ್ಲಿ ಸಿಗುವ ಅದರ ರೂಪವಾದ ಎಂ1ಗೆ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಮಿತಿ ಕೆಜಿಗೆ 0.5 ಮೈಕ್ರೋಗ್ರಾಂ. ಹಾಲು ಕುದಿಸಿದರೆ ಅದು ಹೋಗೋದಿಲ್ಲ.

ಮಾಲೂರು ಹೈನು:

ಎಲ್ಲರಿಗೂ ಧನ್ಯವಾದ. ಹೈಬ್ರಿಡ್ ಸಾಲು ಬಿತ್ತನೆ, ಆಗಸ್ಟ್ ಕೊನೆ ಅಂತ ತೀರ್ಮಾನ ಮಾಡಿದೆ. ಅರ್ಧ ಎಕರೆ ಆಫ್ರಿಕನ್ ಟಾಲ್ ಕೂಡ ಸಾಲಲ್ಲೇ ಹಾಕುತ್ತೇನೆ. ಇನ್ನು ಮೂರು ಸಂಶಯ. ಗುಂಡಿ ತೆಗೆಸಲಾ, ಚೀಲ ತರಲಾ? ಬೆಲ್ಲ, ಯೂರಿಯಾ, ಉಪ್ಪು ಹಾಕಬೇಕು ಅಂತ ವಿಡಿಯೋಗಳಲ್ಲಿ ಹೇಳುತ್ತಾರಲ್ಲ? ಪಕ್ಕದ ಊರಲ್ಲಿ ಸ್ವೀಟ್ ಕಾರ್ನ್ ತೆನೆ ಮುರಿದ ಮೇಲೆ ದಂಟು ಅಗ್ಗಕ್ಕೆ ಕೊಡುತ್ತಾರೆ, ಅದನ್ನು ಸೈಲೇಜ್ ಮಾಡಬಹುದಾ?

ಕನಕಪುರ ಡೇರಿ:

ಆರು ಹಸುವಿಗೆ ಗುಂಡಿ ಬೇಡ ಸರ್, ಲೆಕ್ಕವೇ ಕೂರೋದಿಲ್ಲ. ದಿನಕ್ಕೆ 18 ಕೆಜಿಯಂತೆ ಆರು ಹಸುವಿಗೆ 108 ಕೆಜಿ. 120 ದಿನಕ್ಕೆ 13 ಟನ್, ನಷ್ಟ ಸೇರಿಸಿ 15 ಟನ್ ತುಂಬಬೇಕು. ಗುಂಡಿ ತೆರೆದ ಮೇಲೆ ನಮ್ಮ ಬಿಸಿಲಿಗೆ ದಿನಕ್ಕೆ ಆರು ಇಂಚಾದರೂ ಮುಖದಿಂದ ಕೆರೆದು ತೆಗೆಯಬೇಕು. ಇಲ್ಲದಿದ್ದರೆ ಗಾಳಿ ಒಳಗೆ ಹೋಗಿ ಬಿಸಿಯಾಗುತ್ತದೆ, ಬೂಷ್ಟು ಬರುತ್ತದೆ. ಚೆನ್ನಾಗಿ ಒತ್ತಿದ ಸೈಲೇಜ್ ಒಂದು ಘನ ಮೀಟರ್‌ಗೆ 650 ಕೆಜಿ ಕೂರುತ್ತದೆ. 108 ಕೆಜಿಯಲ್ಲಿ ಆರು ಇಂಚು ತೆಗೆಯಬೇಕಾದರೆ ಮುಖ ಬರೀ ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರ ಇರಬೇಕು, ಉದ್ದ 70 ಅಡಿ. ಅದು ಗುಂಡಿ ಅಲ್ಲ, ಕಾಲುವೆ. ಟ್ರ್ಯಾಕ್ಟರ್ ಹತ್ತಿಸಿ ಒತ್ತೋಕೂ ಆಗೋದಿಲ್ಲ.

ಒಳಗೆ ಪ್ಲಾಸ್ಟಿಕ್ ಲೈನರ್ ಇರುವ 500 ಕೆಜಿ ಚೀಲ ತನ್ನಿ, 30 ಚೀಲ ಸಾಕು. ಒಂದು ಚೀಲ ಐದು ದಿನಕ್ಕೆ ಖಾಲಿ. ಒಂದು ಟನ್ ಚೀಲ ಅಗ್ಗ ಅಂತ ತಂದರೆ ಒಂಬತ್ತು ದಿನ ಬಾಯಿ ತೆರೆದೇ ಇರುತ್ತದೆ, ಕೊನೆಯ ಮೂರು ದಿನದ್ದು ಬಿಸಿಯಾಗಿರುತ್ತದೆ. ಅರ್ಧ ಅಡಿ ತುಂಬಿ, ಒಳಗಿಳಿದು ಅಂಚಿನ ಸುತ್ತ ತುಳಿದು, ಮತ್ತೆ ಅರ್ಧ ಅಡಿ. ಗಾಳಿ ಉಳಿಯೋದು ಯಾವಾಗಲೂ ಮೂಲೆಯಲ್ಲಿ, ನಡುವೆ ಅಲ್ಲ. ಲೈನರ್ ಬಾಯಿ ತಿರುಚಿ, ಮಡಿಚಿ, ರಬ್ಬರ್ ಟ್ಯೂಬ್ ಪಟ್ಟಿಯಿಂದ ಬಿಗಿಯಿರಿ. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಕಟ್ಟುವ ಮುಂಚೆ ಗಾಳಿ ಎಳೆದುಬಿಡಿ, ಅದು ಬಹಳ ವ್ಯತ್ಯಾಸ ಮಾಡುತ್ತದೆ. ಚೀಲದ ದೊಡ್ಡ ಶತ್ರು ಇಲಿ. ಗೋಡೆಗೆ ಒರಗಿಸಿ ಇಡಬೇಡಿ, ಸುತ್ತ ಓಡಾಡುವಷ್ಟು ಜಾಗ ಬಿಡಿ, ವಾರಕ್ಕೊಮ್ಮೆ ಟಾರ್ಚ್ ಹಿಡಿದು ನೋಡಿ, ತೂತು ಕಂಡ ಕೂಡಲೇ ಅಗಲದ ಪ್ಲಾಸ್ಟಿಕ್ ಟೇಪ್ ಹಚ್ಚಿ.

ನಿಮ್ಮ 3 ಎಚ್‌ಪಿ ಯಂತ್ರಕ್ಕೆ ಗಂಟೆಗೆ ಒಂದು ಟನ್ ಅಂತ ಬರೆದಿರುತ್ತಾರೆ, ಕೈಯಲ್ಲಿ ಕೊಡುವಾಗ ಅರ್ಧ ಮುಕ್ಕಾಲು ಅಂದುಕೊಳ್ಳಿ. 15 ಟನ್ ಒಂದೇ ಸಲ ಆಗೋದಿಲ್ಲ. ಬಿತ್ತನೆಯನ್ನೇ ಹತ್ತು ದಿನದ ಅಂತರದಲ್ಲಿ ಎರಡು ಭಾಗ ಮಾಡಿ. ಆ ದಿನ ಕೊಯ್ದಿದ್ದು ಆ ದಿನವೇ ಚೀಲದೊಳಗೆ ಹೋಗಿ ಬಾಯಿ ಕಟ್ಟಬೇಕು. ರಾತ್ರಿ ರಾಶಿ ಹಾಕಿಟ್ಟರೆ ಬೆಳಗ್ಗೆ ಒಳಗೆ ಕೈಯಿಟ್ಟಾಗ ಬಿಸಿ ತಾಗುತ್ತದೆ. ಸಕ್ಕರೆ ಸುಟ್ಟುಹೋಗುತ್ತಿದೆ ಅಂತ ಅರ್ಥ.

ಬೆಲ್ಲ ಬೇಡ. ನೇಪಿಯರ್‌ನಂಥ ಸಕ್ಕರೆ ಕಡಿಮೆ ಇರುವ ಹುಲ್ಲಿಗೆ ಅದು ಬೇಕು. ಈ ಹಂತದ ಮುಸುಕಿನ ಜೋಳದಲ್ಲಿ ಬೇಕಾದಷ್ಟು ಸಕ್ಕರೆ ಇದೆ. ಯೂರಿಯಾ ಕೈಯಳತೆಯಲ್ಲಿ ಎರಚಿ ಎಲ್ಲೋ ಗಂಟು ಕಟ್ಟಿದರೆ ಹಸುವಿನ ಜೀವಕ್ಕೇ ಕುತ್ತು, ಸಣ್ಣ ಹೈನುಗಾರರು ಅದರ ತಂಟೆಗೆ ಹೋಗಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಉಪ್ಪು ಹಾಕಿದರೂ ಸರಿ, ಬಿಟ್ಟರೂ ಸರಿ. ದುಡ್ಡು ಹಾಕೋದಾದರೆ ಹುಳಿ ಬರಿಸುವ ಬ್ಯಾಕ್ಟೀರಿಯಾದ, ಅಂದರೆ ಲ್ಯಾಕ್ಟೋಬ್ಯಾಸಿಲಸ್ ಕಲ್ಚರ್‌ಗೆ ಹಾಕಿ. ಅದರಲ್ಲೇ ಬುಕ್ನೆರಿ ಎಂಬ ಜಾತಿ ಇರುವಂಥದ್ದು ಚೀಲ ತೆರೆದ ಮೇಲೆ ಬಿಸಿಯಾಗೋದನ್ನು ತಡೆಯುತ್ತದೆ. ಕ್ಲೋರಿನ್ ಹಾಕಿದ ನೀರಲ್ಲಿ ಕಲಸಬೇಡಿ.

ಸ್ವೀಟ್ ಕಾರ್ನ್ ದಂಟು ಸೈಲೇಜ್ ಆಗುತ್ತದೆ, ಆದರೆ ತೆನೆ ಇಲ್ಲದ ಸೈಲೇಜ್. ಅದರಲ್ಲಿ ಪಿಷ್ಟ ಇಲ್ಲ, ನೀರು ಜಾಸ್ತಿ. ತೆನೆ ಮುರಿದ ಮೇಲೆ ಒಂದು ದಿನ ಬಾಡಿಸಿ ತುಂಬಿ. ಗಬ್ಬದ ಹಸು, ಪಡ್ಡೆಗಳಿಗೆ ಹಾಕಿ, ಕರಾವಿಗೆ ಅದನ್ನು ನಂಬಿ ಪಶು ಆಹಾರ ಕಡಿಮೆ ಮಾಡಬೇಡಿ. ಯಾವ ಔಷಧ ಯಾವತ್ತು ಹೊಡೆದಿದ್ದಾರೆ ಅಂತ ಕೇಳಿಯೇ ತಗೊಳ್ಳಿ.

ಮೇವು ಮಂಡ್ಯ:

ಗೊಬ್ಬರದ ವಿಷಯ ಬಿಟ್ಟುಹೋಗಿತ್ತು. ನೀರಾವರಿ ಹೈಬ್ರಿಡ್‌ಗೆ ಎಕರೆಗೆ ಸಾರಜನಕ 60, ರಂಜಕ 30, ಪೊಟ್ಯಾಷ್ 15–16 ಕೆಜಿ, ಜೊತೆಗೆ ಸತುವಿನ ಸಲ್ಫೇಟ್ 4 ಕೆಜಿ. ಇದು ಕಾಳಿನ ಬೆಳೆಯ ಲೆಕ್ಕ, ದಂಟು ಹೊಲದಲ್ಲೇ ಉಳಿಯುತ್ತದೆ ಅಂತ. ಸೈಲೇಜ್‌ಗೆ ದಂಟೂ ಹೊರಗೆ ಹೋಗುತ್ತದೆ. 5 ಟನ್ ಒಣಪದಾರ್ಥದ ಜೊತೆ 50 ಕೆಜಿಗೂ ಮೀರಿ ಪೊಟ್ಯಾಷ್ ಹೋಗುತ್ತದೆ. ಹಾಗಾಗಿ ಕೊಟ್ಟಿಗೆ ಗೊಬ್ಬರ, ಸ್ಲರಿ ಅದೇ ಹೊಲಕ್ಕೆ ಮರಳಬೇಕು, ಎರಡು ಮೂರು ವರ್ಷಕ್ಕೊಮ್ಮೆ ಮಣ್ಣು ಪರೀಕ್ಷೆ ಮಾಡಿಸಿ. ಕೆಳಗಿನ ಎಲೆಯ ಅಂಚು ಸುಟ್ಟಂತೆ ಕಂದಾಗಿದ್ದರೆ ಪೊಟ್ಯಾಷ್ ಕಡಿಮೆ, ನಡುನರದಿಂದ ಹಳದಿಯಾಗುತ್ತಾ ಬಂದರೆ ಸಾರಜನಕ ಕಡಿಮೆ.

ಬೋರ್ ಕೈಕೊಟ್ಟು ಬೆಳೆ ಬಾಡಿದ್ದು, ಆಮೇಲೆ ಮಳೆ ಬಂದು ಚಿಗುರಿದರೆ ಕೂಡಲೇ ಕೊಯ್ದು ಹಸಿ ಹಾಕಬೇಡಿ. ದಂಟಿನ ಬುಡದಲ್ಲಿ ನೈಟ್ರೇಟ್ ಕೂಡಿರುತ್ತದೆ. ಒಂದು ವಾರ ಬಿಟ್ಟು, ನೆಲದಿಂದ ಒಂದಡಿ ಮೇಲೆ ಕೊಯ್ದು ಸೈಲೇಜ್ ಮಾಡಿ. ಹುದುಗುವಾಗ ನೈಟ್ರೇಟ್‌ನಲ್ಲಿ ಅರ್ಧದಷ್ಟು ಇಳಿಯುತ್ತದೆ. ಅಂಥ ಚೀಲಗಳಿಗೆ ಗುರುತು ಹಾಕಿ ಬೇರೆ ಇಡಿ, ಮೊದಲ ಮೂರು ವಾರ ಬಾಯಿ ಬಿಚ್ಚಬೇಡಿ. ಹುದುಗುವಾಗ ಬರುವ ಹಳದಿ ಮಿಶ್ರಿತ ಕಂದು ಹೊಗೆ ವಿಷ, ಮುಚ್ಚಿದ ಕೋಣೆಯಲ್ಲಿ ಅಂಥ ಚೀಲದ ಹತ್ತಿರ ಮಕ್ಕಳನ್ನು ಬಿಡಬೇಡಿ.

ಪಶು ಆಹಾರ, ಹಾಸನ:

ಮಾಲೂರಿನವರಿಗೆ ಒಂದು ಮಾತು. ಡಿಸೆಂಬರ್‌ನಲ್ಲಿ ಕಟ್ಟಿದ್ದನ್ನು ಫೆಬ್ರವರಿಯಲ್ಲಿ ತೆರೆಯೋದು ಒಳ್ಳೆಯದೇ. 40–45 ದಿನಕ್ಕೆ ಹುಳಿ ಬಂದಿರುತ್ತದೆ, ಆದರೆ ಗಟ್ಟಿ ಕಾಳಿನ ಸುತ್ತಲಿನ ಪ್ರೋಟೀನ್ ಪದರ ಕರಗಿ ಪಿಷ್ಟ ಜೀರ್ಣಕ್ಕೆ ಸಿಗೋದು ಎರಡು ಮೂರು ತಿಂಗಳು ಕಳೆದ ಮೇಲೆ. ಆಫ್ರಿಕನ್ ಟಾಲ್ ಚೀಲಗಳನ್ನು ಮೊದಲು ಬಿಚ್ಚಿ, ಹೈಬ್ರಿಡ್ ಚೀಲಗಳನ್ನು ಮಾರ್ಚ್ ನಂತರಕ್ಕೆ ಇಟ್ಟುಕೊಳ್ಳಿ. ಮೊದಲ ಚೀಲ ತೆರೆದಾಗ ಪಿಎಚ್ ಪಟ್ಟಿ ಅದ್ದಿ ನೋಡಿ, 3.8ರಿಂದ 4.2 ಇದ್ದು ಬಣ್ಣ ಹಳದಿ ಮಿಶ್ರಿತ ಹಸಿರು ಇದ್ದರೆ ಹಾಕಬಹುದು. ಆಮೇಲೆ ವಾರಕ್ಕೊಮ್ಮೆ ಒಂದು ಹಸುವಿನ ಸಗಣಿಯನ್ನು ಜರಡಿಯಲ್ಲಿ ತೊಳೆದು ನೋಡಿ. ಇಡೀ ಕಾಳು ಕೈತುಂಬ ಸಿಕ್ಕಿದರೆ ಮುಂದಿನ ಬೆಳೆಯನ್ನು ನಾಲ್ಕೈದು ದಿನ ಮೊದಲೇ ಕೊಯ್ಯಿರಿ.